ಗೋಡೆಗೊಂದು ಕಂಡಿ
(ಬಾನುಲಿ ಭಾಷಣ)



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಟಿಎಂವಿ ಅಂದರೆ ಶೇಂಗಾ ಬೀಜ. ತಮಿಳುನಾಡಿನ ತಿಂಡಿವನಂ ಕೇಂದ್ರದಿಂದ 1940ರಲ್ಲಿ ಹೊರಬಂದ ಟಿಎಂವಿ-2 ತಳಿ ಇಲ್ಲಿನ ಕೆಂಪು ನೆಲಕ್ಕೆ, ಕೈಕೊಡುವ ಮಳೆಗೆ ಎಷ್ಟು ಒಗ್ಗಿಕೊಂಡಿತೆಂದರೆ, ಆಮೇಲೆ ಬಂದ ಹತ್ತಾರು ತಳಿಗಳ ಹೆಸರು ಬಾಯಲ್ಲಿದ್ದರೂ ಬಿತ್ತನೆ ಹೊತ್ತಿಗೆ ಕೈ ಹೋಗುತ್ತಿದ್ದದ್ದು ಅದಕ್ಕೇ. ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರು ತಂದ ಮಿಲ್ಲುಗಳ ಬಾಯಿ ತುಂಬಿಸಿದ್ದರಲ್ಲಿ ಅದರ ಪಾಲು ಸಣ್ಣದಲ್ಲ. ಸಸ್ಯರೋಗ ಓದಿದವರ ಕಿವಿಗೆ ಮಾತ್ರ ಟಿಎಂವಿ ಅಂದರೆ ತಂಬಾಕಿನ ಮೊಸಾಯಿಕ್ ವೈರಸ್. ಜಗತ್ತಿನಲ್ಲಿ ಮೊಟ್ಟಮೊದಲು ಗುರುತು ಸಿಕ್ಕ ವೈರಸ್ ಅದು. ನಾಯಕನಹಟ್ಟಿ ಕಡೆಯ ಒಂದು ಹೊಲದ ಬದುವಿನ ಮೇಲೆ ನಿಂತು ನಾನು ಒಮ್ಮೆ, "ಟಿಎಂವಿ ವೈರಸ್ ಅಂತ ಒಂದಿದೆ, ಅದರಿಂದ ಶುರುಮಾಡೋಣ" ಅಂದೆ. ಹೊಲದ ಯಜಮಾನರ ಮುಖ ಕೆಂಪಾಯಿತು. "ಏನ್ ಸ್ವಾಮಿ, ನಮ್ ಬೀಜನೇ ರೋಗ ಅಂತೀರಾ?"

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು. ಆಮೇಲೆ ಅವರೇ ಒಂದು ಗಿಡ ಕಿತ್ತು ನನ್ನ ಕೈಗಿಟ್ಟರು. ಬಿತ್ತಿ ತಿಂಗಳು ದಾಟಿದ ಗಿಡ. ಕೆಳಗಿನ ಎಲೆ ಹಸಿರಾಗಿಯೇ ಇವೆ. ಒಂದೆರಡು ಎಲೆಗಳ ಮೇಲೆ ಮಾಸಲು ಹಳದಿ ಉಂಗುರ. ತುದಿಯ ಕುಡಿ ಮಾತ್ರ ಸುಟ್ಟ ಬತ್ತಿಯ ಹಾಗೆ ಕಪ್ಪಾಗಿ ಜೋತುಬಿದ್ದಿದೆ. ಅವರ ಪ್ರಶ್ನೆ ಹೀಗಿತ್ತು: "ನುಸಿ ಚುಚ್ಚಿರೋದು ಎಲೆಗೆ. ಸಾಯ್ತಿರೋದು ಕುಡಿ. ನಡುವೆ ಇರೋ ಎಲೆಗೆಲ್ಲ ಏನೂ ಆಗಿಲ್ಲ. ಇದು ಯಾವ ದಾರೀಲಿ ಹೋಯ್ತು?"

ಒಳ್ಳೆಯ ಪ್ರಶ್ನೆ. ಪಾಠ ಕೇಳಿದ ವಿದ್ಯಾರ್ಥಿಗಳಲ್ಲಿ ನನಗೆ ಇದನ್ನು ಕೇಳಿದವರು ಕಮ್ಮಿ. ಬದುವಿನ ಮೇಲೆ ಅವತ್ತು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಇವತ್ತು ಪೂರ್ತಿ ಹೇಳಲು ನೋಡುತ್ತೇನೆ.

ಮನುಷ್ಯರ ಮೈಗೆ ಬರುವ ವೈರಸ್ಸಿಗೂ ಗಿಡದ ವೈರಸ್ಸಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಜೀವಕೋಶಕ್ಕೆ ಹೊರಗಡೆ ಇರುವುದು ತೆಳ್ಳನೆಯ ಪೊರೆ ಮಾತ್ರ. ಶೀತದ ವೈರಸ್ ಬಂದು ಪೊರೆಗೆ ಅಂಟಿಕೊಂಡು ಒಳಗೆ ಜಾರಿಬಿಡುತ್ತದೆ. ಗಿಡದ ಕೋಶಕ್ಕೆ ಪೊರೆಯ ಹೊರಗೆ ಗೋಡೆಯೂ ಇದೆ. ಹತ್ತಿಬಟ್ಟೆಯ ನೂಲು ಯಾವ ವಸ್ತುವಿನದೋ ಅದೇ ಸೆಲ್ಯುಲೋಸಿನಿಂದ ಕಟ್ಟಿದ ಗೋಡೆ. ಯಾವ ಸಸ್ಯವೈರಸ್ಸಿಗೂ ಅದನ್ನು ಹೊರಗಿನಿಂದ ಕೊರೆಯುವ ಶಕ್ತಿ ಇಲ್ಲ. ಎಲೆಯ ಮೇಲೆ ಲಕ್ಷ ಕಣ ಬಿದ್ದರೂ ಧೂಳು ಬಿದ್ದ ಹಾಗೆ. ಹಾಗಾಗಿ ಅದಕ್ಕೆ ಕನ್ನ ಕೊರೆದುಕೊಡುವವರು ಬೇಕು. ಥ್ರಿಪ್ಸ್ ನುಸಿ, ಬಿಳಿನೊಣ, ಸಸ್ಯಹೇನು ಇವೇ ಆ ಕೆಲಸದವರು. ಕುಡುಗೋಲು ತಾಗಿದ ಗಾಯವೂ ಕೆಲವಕ್ಕೆ ಸಾಕು.

ಕನ್ನ ಒಂದು ಮನೆಗೆ ಬಿತ್ತು ಅನ್ನಿ. ಊರಿನ ಉಳಿದ ಮನೆಗಳ ಗೋಡೆ ಗಟ್ಟಿಯಾಗಿಯೇ ಇದೆ. ಕಳ್ಳ ಎರಡನೆಯ ಮನೆಗೆ ಹೋಗುವುದು ಹೇಗೆ?

ಹಳೆಯ ಮನೆಗಳಲ್ಲಿ ಎರಡು ಮನೆಗೆ ಒಂದೇ ನಡುಗೋಡೆ ಇರುತ್ತಿದ್ದದ್ದು, ಆ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಂಡಿ ಇರುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈ ಮನೆಯಿಂದ ಆ ಮನೆಗೆ ಕೆಂಡ, ಹೆಪ್ಪಿಗೆ ಮಜ್ಜಿಗೆ, ಒಂದು ಬಟ್ಟಲು ಸಾರು, ಊರ ಸುದ್ದಿ ಎಲ್ಲ ಅದರಲ್ಲೇ ದಾಟುತ್ತಿದ್ದವು. ಗಿಡದ ಕೋಶಗಳ ನಡುವೆಯೂ ಇಂಥ ಕಂಡಿಗಳಿವೆ. ಒಂದೊಂದು ಕೋಶಕ್ಕೆ ಸಾವಿರಗಟ್ಟಲೆ. ಎಲೆ ಬಿಸಿಲಲ್ಲಿ ಬೇಯಿಸಿದ ಸಕ್ಕರೆ ಪಕ್ಕದ ಕೋಶಕ್ಕೆ, ಅಲ್ಲಿಂದ ನರಕ್ಕೆ ಹೋಗುವ ಮೊದಲ ದಾರಿ ಅದೇ. 1879ರಲ್ಲಿ ಎಡುವರ್ಡ್ ಟಾಂಗ್ಲ್ ಎಂಬ ಸಸ್ಯಶಾಸ್ತ್ರಜ್ಞ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡದ್ದು ನಮ್ಮ ಕಾಸರಕದ ಬೀಜದಲ್ಲಿ. ಹೌದು, ವಿಷದ ಬೀಜ ಅಂತ ನಮ್ಮ ಅಜ್ಜಿಯರು ಮಕ್ಕಳ ಕೈಗೆ ಸಿಗದಂತೆ ಎತ್ತಿಡುತ್ತಿದ್ದ ಅದೇ ಕಾಸರಕ. 1901ರಲ್ಲಿ ಸ್ಟ್ರಾಸ್‌ಬುರ್ಗರ್ ಎಂಬ ಜರ್ಮನಿಯ ಪ್ರಾಧ್ಯಾಪಕ ಈ ದಾರಿಗಳಿಗೆ ಪ್ಲಾಸ್ಮೊಡೆಸ್ಮ ಅಂತ ಹೆಸರಿಟ್ಟ. ನಮಗೆ ಕಂಡಿ ಸಾಕು.

ಈ ಕಂಡಿ ಬರಿಯ ತೂತಲ್ಲ. ಎತ್ತಿನ ಗಾಡಿಯ ಗಾಲಿಯನ್ನು ನೆನೆಸಿಕೊಳ್ಳಿ. ನಡುವೆ ಗುಂಬ, ಗುಂಬದೊಳಗೆ ಅಚ್ಚು, ಎರಡರ ನಡುವೆ ಕೀಲೆಣ್ಣೆ ಹಿಡಿಯುವಷ್ಟೇ ಸಂದು. ಕಂಡಿಯ ರಚನೆಯೂ ಥೇಟ್ ಹಾಗೇ. ಎರಡು ಕೋಶಗಳ ಒಳಪೊರೆಯ ಎಳೆಯೊಂದು ಅಚ್ಚಿನ ಹಾಗೆ ಅದರ ನಟ್ಟನಡುವೆ ಹಾದುಹೋಗಿರುತ್ತದೆ. ಸರಕು ದಾಟಬೇಕಾದರೆ ಅಚ್ಚಿನ ಸುತ್ತಲಿನ ಸಂದಿನಲ್ಲೇ ದಾಟಬೇಕು. ಎಷ್ಟು ದೊಡ್ಡ ಸಂದು ಅಂತೀರಿ? ಎಲೆಯ ಒಂದು ಕೋಶವನ್ನು ಇಪ್ಪತ್ತು ಅಡಿ ಉದ್ದದ ಪಡಸಾಲೆಯಷ್ಟು ಹಿಗ್ಗಿಸಿದೆವು ಅನ್ನಿ. ಆಗ ಶೇಂಗಾ ಗಿಡ ಕೊಲ್ಲುವ ಒಂದು ವೈರಸ್ಸಿನ ಕಣ ಒಂದು ಜೋಳದ ಕಾಳಿನಷ್ಟು ಕಾಣುತ್ತದೆ. ಕಂಡಿಯ ಸಂದಿನಲ್ಲಿ ನುಸುಳಬಲ್ಲದ್ದು ಚಿರೋಟಿ ರವೆ. ಸಕ್ಕರೆ ಹೋದೀತು, ನೀರು ಹೋದೀತು. ಜೋಳದ ಕಾಳು ಹೋಗುವ ಮಾತೇ ಇಲ್ಲ.

ಹೋಗುವುದಂತೂ ಹೋಗುತ್ತದೆ. ಇದೇ ಒಗಟು ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತು.

ಸುಳಿವು ಸಿಕ್ಕಿದ್ದು ಜಪಾನಿನಲ್ಲಿ. 1978ರ ಸುಮಾರಿಗೆ ನಿಶಿಗುಚಿ ಮತ್ತವರ ಜೊತೆಗಾರರು ಟಿಎಂವಿಯ, ಅಂದರೆ ಬೀಜದ್ದಲ್ಲ, ವೈರಸ್ಸಿನ ಒಂದು ಕುಂಟು ತಳಿಯನ್ನು ಪರೀಕ್ಷೆ ಮಾಡುತ್ತಿದ್ದರು. 22 ಡಿಗ್ರಿ ತಂಪಿನಲ್ಲಿ ಅದು ಟೊಮೆಟೊ ಎಲೆಯಲ್ಲಿ ಎಲ್ಲ ಟಿಎಂವಿಯಂತೆ ಹಬ್ಬುತ್ತಿತ್ತು. 32 ಡಿಗ್ರಿಗೆ ಏರಿಸಿದರೆ ಹಬ್ಬುವುದು ನಿಂತುಹೋಗುತ್ತಿತ್ತು. ಸತ್ತೇ ಹೋಯಿತೇನೋ ಅಂತ ಕೋಶಗಳನ್ನು ಬಿಡಿಬಿಡಿಯಾಗಿ ತೆಗೆದು ನೋಡಿದರೆ, ಆ ಸೆಕೆಯಲ್ಲೂ ಒಳಗೆ ಮರಿ ಹಾಕುವುದರಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ! ಮನೆಯೊಳಗೆ ಸಂಸಾರ ಸೊಗಸಾಗಿ ನಡೆಯುತ್ತಿದೆ, ಪಕ್ಕದ ಮನೆಗೆ ಹೋಗಲು ಮಾತ್ರ ಆಗುತ್ತಿಲ್ಲ. ಹಾಗಾದರೆ ಹೆಚ್ಚುವ ಕೆಲಸ ಬೇರೆ, ದಾಟುವ ಕೆಲಸ ಬೇರೆ. ದಾಟುವುದಕ್ಕೆಂದೇ ವೈರಸ್ಸಿನ ಹತ್ತಿರ ಬೇರೆ ಒಂದು ಸಾಧನವಿದೆ, ಸೆಕೆಗೆ ಕೆಟ್ಟದ್ದು ಆ ಸಾಧನ. ಒಂದು ಕುಂಟು ವೈರಸ್ ಇಲ್ಲದಿದ್ದರೆ ಈ ಮಾತು ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ.

ಆ ಸಾಧನ ಒಂದು ಪ್ರೋಟೀನು. ಪುಸ್ತಕದಲ್ಲಿ ಚಲನ ಪ್ರೋಟೀನು ಅನ್ನುತ್ತಾರೆ. ಅಮೆರಿಕದಲ್ಲಿ ರೋಜರ್ ಬೀಚಿ ಅವರ ತಂಡ ಈ ಒಂದೇ ಪ್ರೋಟೀನನ್ನು, ವೈರಸ್ಸಿನ ಉಳಿದ ಯಾವ ಭಾಗವೂ ಇಲ್ಲದೆ, ತಂಬಾಕಿನ ಗಿಡವೇ ತಯಾರಿಸುವಂತೆ ಮಾಡಿತು. ಹೊಳೆಯುವ ಬಣ್ಣ ಕಟ್ಟಿದ ಕಣಗಳನ್ನು ಒಂದು ಕೋಶಕ್ಕೆ ಚುಚ್ಚಿ ಯಾವುದು ದಾಟುತ್ತದೆ ಅಂತ ಕಾದರು. 1989ರಲ್ಲಿ ಫಲಿತಾಂಶ ಅಚ್ಚಾಯಿತು. ಮಾಮೂಲು ತಂಬಾಕಿನಲ್ಲಿ ತೀರಾ ಸಣ್ಣ ಕಣ ಮಾತ್ರ ದಾಟಿದರೆ, ಈ ಗಿಡದಲ್ಲಿ ಅದಕ್ಕಿಂತ ಹತ್ತು ಪಟ್ಟು ತೂಕದ್ದೂ ಸಲೀಸಾಗಿ ದಾಟಿತು. ಕಂಡಿ ಹಿಗ್ಗಿತ್ತು. ಮರುವರ್ಷ ಇನ್ನೊಂದು ತಂಡ, ಈ ಪ್ರೋಟೀನು ವೈರಸ್ಸಿನ ಆರ್‌ಎನ್‌ಎ ಎಳೆಯನ್ನು ತಬ್ಬಿ ಹಿಡಿಯುತ್ತದೆ ಅಂತ ತೋರಿಸಿತು. ಅಂದರೆ ಟಿಎಂವಿ ಗೂಡು ಕಟ್ಟಿಕೊಂಡ ಕಣವಾಗಿ ದಾಟಬೇಕಾಗಿಯೇ ಇಲ್ಲ. ಅಂಗಿ ಕಳಚಿಟ್ಟು ಬರಿಮೈಯ ಎಳೆಯಾಗಿ, ಆ ಪ್ರೋಟೀನಿನ ಕೈ ಹಿಡಿದು ನುಸುಳುತ್ತದೆ.

ನಮ್ಮ ಶೇಂಗಾದ ಕುಡಿ ಸಾಯುವ ರೋಗದ ವೈರಸ್ ಇರುವ ಕುಲ ಇನ್ನೂ ಒರಟು. ಅದರ ಚಲನ ಪ್ರೋಟೀನು ಕೊಳವೆಯಾಗಿ ಸೇರಿಕೊಂಡು ಕಂಡಿಯೊಳಗೆ ತೂರುತ್ತದೆ. ನಡುವಿನ ಅಚ್ಚನ್ನೇ ಕಿತ್ತು ಆ ಜಾಗದಲ್ಲಿ ತನ್ನ ಪೈಪು ಇಳಿಸುವ ಕೆಲಸ. ಈ ವೈರಸ್ಸಿನ ಪೂರಾ ಕಣ ಸುಮಾರು 100 ನ್ಯಾನೊಮೀಟರ್ ದಪ್ಪ, ಪೈಪಿನಲ್ಲೂ ಹಿಡಿಸದು. ಹಾಗಾಗಿ ಅದೂ ಮೇಲುಹೊದಿಕೆ ಇಲ್ಲದೆ ಒಳತಿರುಳಾಗಿ ಹೋಗುತ್ತದೆ.

ಇಷ್ಟು ಕೇಳಿದರೆ ವೈರಸ್ ಮಹಾ ಜಾಣ ಅನ್ನಿಸಬಹುದು. ನನ್ನ ಮಟ್ಟಿಗೆ ಅದಕ್ಕೆ ಅಷ್ಟು ಹೊಗಳಿಕೆ ಸಲ್ಲದು. ಮೆಕ್ಕೆಜೋಳದ ಎಲೆ ಹೇಗೆ ಬೆಳೆಯಬೇಕೆಂದು ನಿರ್ಧರಿಸುವ ಒಂದು ಪ್ರೋಟೀನು ಕೂಡ ಇದೇ ರೀತಿ ಕಂಡಿಯನ್ನು ಹಿಗ್ಗಿಸಿ, ತನ್ನ ಆರ್‌ಎನ್‌ಎಯನ್ನು ಜೊತೆಗೆ ಕರಕೊಂಡು ಪಕ್ಕದ ಕೋಶಕ್ಕೆ ಹೋಗುತ್ತದೆ ಅಂತ 1995ರಲ್ಲಿ ಗೊತ್ತಾಯಿತು. ಹಿಗ್ಗುವ ಕಂಡಿ ಗಿಡದ್ದೇ, ಹಿಗ್ಗಿಸುವ ವಿದ್ಯೆಯೂ ಗಿಡದ್ದೇ. ವೈರಸ್ ಅದನ್ನು ಕಲಿತಿದೆ ಅಷ್ಟೆ.

ಇಲ್ಲಿ ಒಂದು ಮಾತು ಮೊಳಕಾಲ್ಮೂರಿನವರಿಗೆ. ನಿಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಆರೋಗ್ಯ ವಿಚಾರಿಸಿ ಕಳಿಸಿದ ರಾಜಾಜ್ಞೆ. ಚಪಡ ಎಂಬ ಲಿಪಿಕಾರ ಅದನ್ನು ಬರೆದ. ಒಂದೇ ಒಕ್ಕಣೆ, ಹತ್ತಿರ ಹತ್ತಿರದಲ್ಲೇ ಮೂರು ಪ್ರತಿ. ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದದ್ದು 1892ರಲ್ಲಿ. ಅದೇ ವರ್ಷ ರಷ್ಯಾದಲ್ಲಿ ಇವನೊವ್‌ಸ್ಕಿ, ರೋಗದ ತಂಬಾಕಿನ ರಸವನ್ನು ಬ್ಯಾಕ್ಟೀರಿಯಾ ತಡೆಯುವ ಸೋಸುಕದಲ್ಲಿ ಸೋಸಿದರೂ ರೋಗ ಅಂಟುತ್ತದೆ ಅಂತ ವರದಿ ಕೊಟ್ಟ. ವೈರಸ್ಸಿನ ಕತೆ ಅಲ್ಲಿಂದ ಶುರು. ಎರಡಕ್ಕೂ ಸಂಬಂಧವಿಲ್ಲ, ಬಿಡಿ. ಆದರೆ ವೈರಸ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಚಪಡನೇ ನೆನಪಾಗುತ್ತಾನೆ. ವೈರಸ್ ಒಂದು ಓಲೆ. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಉಸಿರಿಲ್ಲ. ಕೋಶದಲ್ಲಿ ಕೂತ ಲಿಪಿಕಾರರು ಓಲೆ ಯಾರದು ಅಂತ ವಿಚಾರಿಸದೆ ಪ್ರತಿ ಮಾಡುತ್ತಾರೆ, ಒಂದು ಪ್ರತಿ ಪಕ್ಕದ ಠಾಣೆಗೆ ಹೋಗುತ್ತದೆ, ಅಲ್ಲಿ ಮತ್ತೆ ಪ್ರತಿ. ಶೇಂಗಾದ ಇನ್ನೊಂದು ನಂಜಾಣುವಿನ ಓಲೆಯಂತೂ ಮೂರು ಹಾಳೆಯದು, ಒಂದೊಂದು ಹಾಳೆ ಬೇರೆ ಬೇರೆ ಲಕೋಟೆಯಲ್ಲಿ. ಮೂರೂ ಒಂದೇ ಕೋಶಕ್ಕೆ ತಲುಪಿದರೆ ಮಾತ್ರ ಆಜ್ಞೆ ಜಾರಿ. ಆ ನಂಜಾಣುವಿನ ಹೆಸರು ತಂಬಾಕಿನ ಸ್ಟ್ರೀಕ್ ವೈರಸ್. ಅದರ ವಿಷಯ ಮುಂದೆ ಬರುತ್ತದೆ.

ಗಿಡವೇನು ಸುಮ್ಮನೆ ಕೂತಿರುತ್ತದೆಯೇ? ಇಲ್ಲ. ಕಂಡಿಯ ಎರಡೂ ಬಾಯಿಗೆ ಕ್ಯಾಲೋಸ್ ಅನ್ನುವ ಗಾರೆ ಬಳಿದು ಬಿಗಿಮಾಡುತ್ತದೆ. ಹಾಗೇ ವೈರಸ್ಸಿನ ಓಲೆಯನ್ನು ಇಪ್ಪತ್ತೊಂದರಿಂದ ಇಪ್ಪತ್ತನಾಲ್ಕು ಅಕ್ಷರದ ಚೂರುಗಳಾಗಿ ಕತ್ತರಿಸಿ, ಆ ಚೂರುಗಳನ್ನು ಪಕ್ಕದ ಕೋಶಗಳಿಗೆ ಮುಂಚಿತವಾಗಿ ರವಾನಿಸುತ್ತದೆ. ಈ ಒಕ್ಕಣೆಯ ಓಲೆ ಬಂದರೆ ಪ್ರತಿ ಮಾಡಬೇಡಿ, ಹರಿದು ಹಾಕಿ ಅಂತ. ಆ ಎಚ್ಚರಿಕೆ ಹೋಗುವುದೂ ಇದೇ ಕಂಡಿಯಲ್ಲಿ! ಕಳ್ಳ ಹೋಗುವ ದಾರಿಯಲ್ಲೇ ತಳವಾರನೂ ಓಡಬೇಕು. ಯಾರು ಮುಂದೆ ಅನ್ನುವುದರ ಮೇಲೆ ಗಿಡದ ಹಣೆಬರಹ ನಿಂತಿದೆ. ವೈರಸ್ಸಿನ ಬಳಿ ಇದಕ್ಕೂ ಮದ್ದಿದೆ. ಆ ಚೂರುಗಳನ್ನು ಹಿಡಿದಿಟ್ಟುಕೊಂಡು ಸದ್ದಡಗಿಸುವ ಪ್ರೋಟೀನು ಕುಡಿ ಸಾಯುವ ರೋಗದ ವೈರಸ್ಸಿನ ಕುಲಕ್ಕೆಲ್ಲ ಇದೆ.

ಎಲ್ಲ ಕಂಡಿಯನ್ನೂ ಪೂರ್ತಿ ಮುಚ್ಚಿಬಿಟ್ಟರೆ ಆಯಿತಲ್ಲ ಅನ್ನಬಹುದು. ಮುಚ್ಚಿದರೆ ಸಕ್ಕರೆ ಹೋಗುವುದೂ ನಿಂತಿತು. ಬೇರು ಉಪವಾಸ, ನೆಲದೊಳಗಿನ ಕಾಯಿ ಉಪವಾಸ. ಬಾಗಿಲಿಲ್ಲದ ಮನೆ ಕಟ್ಟಿಕೊಂಡು ಗಿಡ ಬದುಕಲಾರದು.

ಈಗ ಯಜಮಾನರ ಪ್ರಶ್ನೆಗೆ ಬರೋಣ. ಕೋಶದಿಂದ ಕೋಶಕ್ಕೆ ದಾಟುವ ಪಯಣ ನಿಧಾನ. ಒಂದು ಮನೆಯಿಂದ ಇನ್ನೊಂದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಹೀಗೇ ನಡೆದರೆ ಒಂದು ಎಲೆ ದಾಟಲು ವಾರಗಳೇ ಬೇಕು. ಆದರೆ ಎಲೆಯ ನರ ತಲುಪಿದ ಕೂಡಲೇ ಕತೆ ಬದಲಾಗುತ್ತದೆ. ನರದೊಳಗೆ ಆಹಾರ ಸಾಗುವ ನಾಳವಿದೆ, ಅಲ್ಲಿ ಗಂಟೆಗೆ ಹಲವು ಸೆಂಟಿಮೀಟರ್ ವೇಗ. ಸಂದಿಗೊಂದಿಯಲ್ಲಿ ನಡೆದು ಬಂದವನಿಗೆ ಹೆದ್ದಾರಿಯಲ್ಲಿ ಬಸ್ ಸಿಕ್ಕ ಹಾಗೆ. ಬಸ್ ಹೋಗುವುದು ಎಲ್ಲಿಗೆ? ಹಸಿದವರು ಎಲ್ಲಿದ್ದಾರೋ ಅಲ್ಲಿಗೆ. ಬೇರಿಗೆ, ಕಾಯಿಗೆ, ಬೆಳೆಯುವ ಕುಡಿಗೆ. ಬಲಿತ ಎಲೆ ತನ್ನ ಅನ್ನ ತಾನೇ ಬೇಯಿಸಿಕೊಂಡು ಹೊರಗೆ ಕಳಿಸುತ್ತಿರುತ್ತದೆ, ಅದರ ನಿಲ್ದಾಣದಲ್ಲಿ ಇಳಿಯುವವರು ಇಲ್ಲ. 1934ರಲ್ಲಿ ಜಿ. ಸ್ಯಾಮ್ಯುಯೆಲ್ ಎಂಬ ವಿಜ್ಞಾನಿ ಟೊಮೆಟೊ ಗಿಡದ ಒಂದು ಎಲೆಗೆ ಟಿಎಂವಿ ಉಜ್ಜಿ, ದಿನದಿನಕ್ಕೆ ಒಂದೊಂದು ಗಿಡವನ್ನು ತುಂಡು ತುಂಡಾಗಿ ಕತ್ತರಿಸಿ ಎಲ್ಲೆಲ್ಲಿ ವೈರಸ್ ಇದೆ ಅಂತ ನೋಡಿದ. ಮೊದಲ ಮೂರ್ನಾಲ್ಕು ದಿನ ಅದು ಉಜ್ಜಿದ ಎಲೆಯಲ್ಲೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ ಬೇರಿನಲ್ಲಿ ಕಾಣಿಸಿತು. ಅದರ ಹಿಂದೆಯೇ ತುದಿಯ ಎಳೆ ಎಲೆಗಳಲ್ಲಿ. ನಡುವಿನ ಬಲಿತ ಎಲೆಗಳಿಗೆ ಎಲ್ಲಕ್ಕಿಂತ ಕೊನೆಗೆ ತಲುಪಿತು.

ಯಜಮಾನರ ಕೈಯಲ್ಲಿದ್ದ ಶೇಂಗಾ ಗಿಡ ಹೇಳುತ್ತಿದ್ದದ್ದೂ ಅದನ್ನೇ. ನುಸಿಗೂ ಎಳೆಯದೇ ಇಷ್ಟ, ಅದೂ ನಿಜ. ಆದರೆ ಕೆಳಗಿನ ಎಲೆಗೆ ರಸ ಉಜ್ಜಿ ರೋಗ ಬರಿಸಿದರೂ ಕಪ್ಪಾಗುವುದು ಕುಡಿಯೇ. ಊಟ ಹೋಗುವ ಕಡೆ ರೋಗ ಹೋಯಿತು. ಬಿಸಿಲು ಜೋರಾಗಿದ್ದರೆ ಕುಡಿ ಬೇಗ ಸಾಯುತ್ತದೆ. ಸತ್ತಮೇಲೆ ಪಕ್ಕದ ಕಣ್ಣುಗಳಿಂದ ಪುಟ್ಟ ಪುಟ್ಟ ಸೊಟ್ಟ ಎಲೆಗಳು ಒಡೆದು ಗಿಡ ಮೊಂಡು ಪೊದೆಯಾಗುತ್ತದೆ. ಕುಡಿ ಸಾಯುವ ರೋಗ ಅಂತ ಹೆಸರಿಟ್ಟವರು ಸರಿಯಾಗಿಯೇ ನೋಡಿದ್ದಾರೆ.

ನುಸಿಯ ವಿಷಯ ಸ್ವಲ್ಪ. ಕುಡಿ ಸಾಯುವ ರೋಗ ಹರಡುವ ಥ್ರಿಪ್ಸ್ ನುಸಿ ಮರಿಯಾಗಿದ್ದಾಗ ರೋಗದ ಗಿಡದ ರಸ ಹೀರಿದ್ದರೆ ಮಾತ್ರ, ಬಲಿತು ರೆಕ್ಕೆ ಬಂದಮೇಲೆ ರೋಗ ಹಂಚಬಲ್ಲದು. ದೊಡ್ಡದಾದ ಮೇಲೆ ಹೀರಿದ್ದು ಉಪಯೋಗಕ್ಕೆ ಬಾರದು. ಶೇಂಗಾ ಗಿಡ ಕೊಲ್ಲುವ ಇನ್ನೊಂದು ರೋಗದ, ಅಂದರೆ ಆ ಮೂರು ಹಾಳೆಯ ಓಲೆಯ, ಕ್ರಮ ಬೇರೆ. ಅದರ ವಾಸ ಬದುವಿನ ಮೇಲಿನ ಕಾಂಗ್ರೆಸ್ ಗಿಡದಲ್ಲಿ. ಪಾರ್ಥೇನಿಯಂ ಅಂತೀವಲ್ಲ, ಅದು. ಆ ಗಿಡದಲ್ಲಿ ರೋಗದ ಗುರುತು ಒಂದೂ ಕಾಣುವುದಿಲ್ಲ, ಹೂವಿನ ಪರಾಗದಲ್ಲಿ ಮಾತ್ರ ವೈರಸ್ ತುಂಬಿರುತ್ತದೆ. ಗಾಳಿಗೆ ಹಾರಿ, ನುಸಿಯ ಮೈಗೆ ಅಂಟಿ, ಪರಾಗ ಬಂದು ಶೇಂಗಾ ಎಲೆಯ ಮೇಲೆ ಕೂರುತ್ತದೆ. ನುಸಿ ಎಲೆ ಕೆರೆದ ಗಾಯದಲ್ಲಿ ವೈರಸ್ ಇಳಿಯುತ್ತದೆ. ಆಮೇಲಿನದು ಕಂಡಿಯ ಕತೆ.

2000ನೇ ಇಸವಿಯ ಮುಂಗಾರಿನಲ್ಲಿ ನಮ್ಮ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಇದೇ ರೋಗ ಸುಮಾರು 2,25,000 ಹೆಕ್ಟೇರ್ ಶೇಂಗಾವನ್ನು ಹಾಳು ಮಾಡಿತು. ನಷ್ಟ 300 ಕೋಟಿ ರೂಪಾಯಿಗೂ ಮೇಲೆ ಅಂತ ಲೆಕ್ಕ. ಮೊಳಕಾಲ್ಮೂರಿನಿಂದ ರಾಯದುರ್ಗ, ಪರಶುರಾಂಪುರದಿಂದ ಕಲ್ಯಾಣದುರ್ಗ ಎಷ್ಟು ದೂರ ಅಂತ ನಿಮಗೇ ಗೊತ್ತು. ಅದಕ್ಕೂ ಮೂರು ವರ್ಷ ಮೊದಲು, 1997ರಲ್ಲಿ, ನಮ್ಮ ಬಾಗೇಪಲ್ಲಿ ಕಡೆಯ ಸೂರ್ಯಕಾಂತಿಯಲ್ಲಿ ಕಾಣಿಸಿಕೊಂಡಿದ್ದ ಹೊಸ ರೋಗಕ್ಕೂ ಇದೇ ವೈರಸ್ ಕಾರಣ ಅಂತ ಆಮೇಲೆ ತಿಳಿಯಿತು.

ರೋಗ ಹೀಗೆ ಹರಡುವುದರಿಂದ ಹೊಲದ ಲೆಕ್ಕಾಚಾರ ಬದಲಾಗುತ್ತದೆ. ಒಳಗೆ ಹೊಕ್ಕ ವೈರಸ್ಸನ್ನು ಕೊಲ್ಲುವ ಔಷಧ ರೈತರ ಕೈಗೆ ಸಿಗುವಂಥದ್ದು ಯಾವುದೂ ಇಲ್ಲ. ಅಂಗಡಿಯಲ್ಲಿ ಯಾರಾದರೂ ವೈರಸ್ಸಿಗೆ ಅಂತ ಪುಡಿ ಕೊಟ್ಟರೆ ದುಡ್ಡು ಜೇಬಿನಲ್ಲೇ ಇರಲಿ. ನಾನೂ ಒಂದು ಸಲ ನಮ್ಮ ತೋಟದ ಪಪ್ಪಾಯಿಗೆ ಅಂಥದ್ದು ತಂದು ಸುರಿದವನೇ. ಪಪ್ಪಾಯಿಯೂ ಹೋಯಿತು, ದುಡ್ಡೂ ಹೋಯಿತು. ಕಾಂಗ್ರೆಸ್ ಗಿಡದಿಂದ ಬರುವ ರೋಗಕ್ಕೆ ಸಾಯುತ್ತಿರುವ ಶೇಂಗಾ ಗಿಡ ಕಿತ್ತು ಕೂರುವುದೂ ದಂಡದ ಕೆಲಸ. ಶೇಂಗಾ ಹೂವು ಮುಚ್ಚಿಕೊಂಡೇ ಪರಾಗ ಮಾಡಿಕೊಳ್ಳುವ ಜಾತಿ, ಅದರ ಪರಾಗ ನುಸಿಯ ಮೈಗೆ ಸಿಗುವುದು ಅಪರೂಪ. ಶೇಂಗಾದಿಂದ ಶೇಂಗಾಕ್ಕೆ ಅದು ಅಷ್ಟಾಗಿ ಹರಡುವುದಿಲ್ಲ. ಕೀಳಬೇಕಾದದ್ದು ಬದುವಿನ ಕಾಂಗ್ರೆಸ್ಸನ್ನು, ಅದೂ ಹೂ ಬಿಡುವ ಮೊದಲು, ಪಕ್ಕದವರ ಬದುವನ್ನೂ ಸೇರಿಸಿಕೊಂಡು. ಗಿಡ ತೆಳುವಾಗಿದ್ದ ಹೊಲಕ್ಕೆ ನುಸಿ ಹೆಚ್ಚು ಇಳಿಯುತ್ತದೆ, ಬೀಜಕ್ಕೆ ಜುಗ್ಗತನ ಮಾಡಬೇಡಿ. ಹೊಲದ ಸುತ್ತ ಜೋಳ, ಸಜ್ಜೆಯ ಕೆಲವು ಸಾಲು ಎತ್ತರಕ್ಕೆ ನಿಂತರೆ ಗಾಳಿಯಲ್ಲಿ ಬರುವ ಪರಾಗಕ್ಕೂ ನುಸಿಗೂ ಅದೇ ಅಡ್ಡಗೋಡೆ. ನಮ್ಮ ಹಿರಿಯರು ಅಕ್ಕಡಿ ಸಾಲು ಹಾಕುತ್ತಿದ್ದಾಗ ವೈರಸ್ಸಿನ ಹೆಸರು ಕೇಳಿರಲಿಲ್ಲ. ಆದರೂ ಶೇಂಗಾ ನಡುವಿನ ಆ ಜೋಳದ ಸಾಲು ಈ ಕೆಲಸವನ್ನೂ ಒಂದಿಷ್ಟು ಮಾಡಿರಲೇಬೇಕು. ಸೂರ್ಯಕಾಂತಿಯನ್ನು ಮಾತ್ರ ಅಕ್ಕಪಕ್ಕ ಇಡಬೇಡಿ.

ಅವತ್ತು ಹೊಲದಿಂದ ಹೊರಡುವ ಹೊತ್ತಿಗೆ ಯಜಮಾನರ ಮನೆಯವರು ಬುಟ್ಟಿ ಹಿಡಿದು ಬಂದರು. ಸತ್ತ ಗಿಡಗಳಿಂದ ಬಿಡಿಸಿದ ಸಣ್ಣ ಸಣ್ಣ ಕಾಯಿ. ಒಂದನ್ನು ಒಡೆದು ತೋರಿಸಿದರು. ಬೀಜ ಚಿಕ್ಕದು, ಸುಕ್ಕು ಸುಕ್ಕು, ಸಿಪ್ಪೆಯ ಮೇಲೆ ಮಚ್ಚೆ.

"ಅಣ್ಣಾ, ಅವರು ಹುಳ ಅಂತಾರೆ, ನೀವು ವೈರಸ್ ಅಂತೀರಿ. ನಂಗೆ ಒಂದು ಹೇಳಿ. ಇದನ್ನ ಬೀಜಕ್ಕಿಟ್ರೆ ಮುಂದಿನ ವರ್ಷನೂ ಹಿಂಗೇ ಆಗ್ತೈತಾ?"

ಕೆಲವು ವೈರಸ್ಸುಗಳು ಬೀಜದಲ್ಲಿ ಕೂತು ಮರುವರ್ಷಕ್ಕೆ ಬರುತ್ತವೆ, ಸುಳ್ಳಲ್ಲ. ಈ ಎರಡು ಮಾತ್ರ ಶೇಂಗಾ ಬೀಜದಲ್ಲಿ ಬರುವುದಿಲ್ಲ. ಕುಡಿ ಸಾಯುವ ರೋಗದ ವೈರಸ್ಸನ್ನು ಹುಡುಕಿದರೆ ಬೀಜದ ಸಿಪ್ಪೆಯ ತನಕ ಸಿಗುತ್ತದೆ. ಸಿಪ್ಪೆ ತಾಯಿಯ ಮೈಯ ಭಾಗ. ಅದರೊಳಗಿನ ಮೊಳಕೆ ಬೇರೆಯ ಜೀವ. ತಾಯಿ ಅದಕ್ಕೆ ಊಟವನ್ನೆಲ್ಲ ಕೊಡುತ್ತಾಳೆ, ಆದರೆ ತಾಯಿಯ ಕೋಶಕ್ಕೂ ಮೊಳಕೆಯ ಕೋಶಕ್ಕೂ ನಡುವೆ ಕಂಡಿ ಇಲ್ಲ. ಸಕ್ಕರೆಯನ್ನು ಗೋಡೆಯ ಹೊರಗೆ ಸುರಿಯುತ್ತಾಳೆ, ಮೊಳಕೆ ಹೊರಗಿನಿಂದ ಹೀರಿಕೊಳ್ಳುತ್ತದೆ.

ಆ ಸುಕ್ಕುಬೀಜ ಬಿತ್ತಿದರೆ ಸಸಿ ಬಡಕಲಾಗುತ್ತದೆ, ಬಿತ್ತನೆಗೆ ಬೇಡ, ಒಗ್ಗರಣೆಗೆ ಇಟ್ಟುಕೊಳ್ಳಿ ಅಂದೆ. ಆದರೆ ರೋಗ ಅದರಲ್ಲಿಲ್ಲ. ಅವರು ಒಂದು ಕಾಳನ್ನು ಬೆರಳಲ್ಲಿ ಉಜ್ಜಿ ಸಿಪ್ಪೆ ಊದಿ, ಒಳಗಿನ ಬಿಳಿ ಬೇಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡರು.